ಏರ್‌ಪೋರ್ಟ್ ಡಿಪ್ಲೊಮಾ ಕೊಡುವ ಖಾಸಗಿ ಅಕಾಡೆಮಿಗಳಿಗೆ ಲೈಸೆನ್ಸ್ ಅಂತ ಏನಾದರೂ ಉಂಟಾ?

ಪಡೀಲ್‌ನವಳು:

ನಮಸ್ಕಾರ ಎಲ್ಲರಿಗೂ. ಅಕ್ಕನ ಮಗಳು ಈ ಸಲ ಪಿಯುಸಿ ಕಾಮರ್ಸ್ ಮುಗಿಸಿದಳು. ಡಿಗ್ರಿ ಬೇಡ, ಏರ್‌ಪೋರ್ಟಿನಲ್ಲೇ ಕೆಲಸ ಮಾಡಬೇಕು ಅಂತ ಹಠ. ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಅಕಾಡೆಮಿ ಉಂಟು, ಹೆಸರು ಬೇಡ, ಅಲ್ಲಿಗೆ ವಿಚಾರಿಸಲು ಹೋಗಿದ್ದೆವು. 11 ತಿಂಗಳ ಡಿಪ್ಲೊಮಾ, ಫೀಸು 95,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 1,12,100. ಒಟ್ಟಿಗೆ ಕಟ್ಟಲು ಆಗದಿದ್ದರೆ ಒಂದು ಫೈನಾನ್ಸ್ ಆ್ಯಪಿನಲ್ಲಿ ಇಎಂಐ ಮಾಡಿಸಿಕೊಡುತ್ತಾರಂತೆ, ಆಧಾರ್ ಮತ್ತು ಪ್ಯಾನ್ ತಂದರೆ ಸಾಕಂತೆ.

"ನಿಮಗೆ ಲೈಸೆನ್ಸ್ ಉಂಟಾ" ಅಂತ ಭಾವ ನೇರ ಕೇಳಿದರು. ಕೌನ್ಸೆಲರ್ ಹುಡುಗಿ ನಗುತ್ತಾ ಗೋಡೆ ತೋರಿಸಿದಳು. ಅಲ್ಲಿ ಫ್ರೇಮ್ ಹಾಕಿದ ನಾಲ್ಕು ಕಾಗದ. ಐಎಸ್‌ಒ 9001, ಉದ್ಯಮ್ ನೋಂದಣಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಇನ್ನೊಂದರಲ್ಲಿ "ಗವರ್ನಮೆಂಟ್ ಆಫ್ ಇಂಡಿಯಾ ರಿಜಿಸ್ಟರ್ಡ್" ಅಂತ ದೊಡ್ಡ ಅಕ್ಷರ. ನಮಗೆ ತಲೆಬುಡ ಗೊತ್ತಾಗಲಿಲ್ಲ. ಶನಿವಾರದ ಒಳಗೆ ಸೀಟ್ ಬುಕ್ ಮಾಡಿದರೆ ಹತ್ತು ಸಾವಿರ ಕಡಿಮೆ ಅಂತ ದಿನಾ ಫೋನ್ ಬರುತ್ತಿದೆ. ಇಂಥ ಕಡೆಗೆ ಸರ್ಕಾರದ ಲೈಸೆನ್ಸ್ ಬೇಕಾ? ಬೇಕಾದರೆ ಯಾರು ಕೊಡೋದು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಲೆಕ್ಕಿಗ:

ಆ ಗೋಡೆಯಲ್ಲಿ ಇರುವ ಯಾವ ಕಾಗದವೂ ಪಾಠದ ಬಗ್ಗೆ ಅಲ್ಲ. ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳಿಗೆ 2020ರ ಜುಲೈಯಿಂದ ಆನ್‌ಲೈನಿನಲ್ಲಿ ಆಧಾರ್ ಹಾಕಿ ನಾವೇ ಬರೆದುಕೊಳ್ಳುವ ನೋಂದಣಿ, ದುಡ್ಡೂ ಇಲ್ಲ, ಯಾರೂ ಬಂದು ನೋಡುವುದೂ ಇಲ್ಲ. ಟ್ರೇಡ್ ಲೈಸೆನ್ಸ್ ಬೇಕರಿಗೂ ಕೊಡುತ್ತಾರೆ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಅದನ್ನು ಕೊಡುವುದು ಬೇರೆ ಏಜೆನ್ಸಿಗಳು, ಮತ್ತೆ 9001 ಇರುವುದು ಆಫೀಸಿನ ಕೆಲಸದ ವ್ಯವಸ್ಥೆಗೆ, ಡಿಪ್ಲೊಮಾಕ್ಕೆ ಬೆಲೆ ಉಂಟಾ ಅಂತ ಹೇಳಲಿಕ್ಕಲ್ಲ. ಆ "ಗವರ್ನಮೆಂಟ್ ಆಫ್ ಇಂಡಿಯಾ" ಕಾಗದ ಹೆಚ್ಚಾಗಿ ಕಂಪನಿ ನೋಂದಣಿಯದ್ದೇ ಇರುತ್ತದೆ. ಹತ್ತಿರ ಹೋಗಿ ಸಣ್ಣ ಅಕ್ಷರ ಓದಿ.

ನಾನು ಗೋಡೆಗಿಂತ ಬಿಲ್ಲನ್ನು ಜಾಸ್ತಿ ನಂಬುತ್ತೇನೆ. ಕಾನೂನು ಒಪ್ಪಿದ ಡಿಗ್ರಿ, ಡಿಪ್ಲೊಮಾದ ಪಾಠಕ್ಕೆ ಜಿಎಸ್‌ಟಿ ಇಲ್ಲ. ಐಟಿಐಯಂಥ ಮಾನ್ಯ ವೃತ್ತಿ ಕೋರ್ಸಿಗೂ ಇಲ್ಲ. 18% ಹಾಕಿದ್ದಾರೆ ಅಂದರೆ ಅವರ ಆಡಿಟರೇ ಇದನ್ನು ಕಮರ್ಷಿಯಲ್ ಟ್ರೈನಿಂಗ್ ಅಂತ ಒಪ್ಪಿಕೊಂಡ ಹಾಗಾಯಿತು. ಬಿಲ್ಲಿನಲ್ಲಿ ಎಸ್‌ಎಸಿ ಕೋಡ್ (ಯಾವ ಸೇವೆಗೆ ತೆರಿಗೆ ಅಂತ ಹೇಳುವ ನಂಬರ್) ನೋಡಿ, 999293 ಅಂತ ಇದ್ದರೆ ಅದೇ. ತೆರಿಗೆ ಹಾಕಿದ್ದು ತಪ್ಪು ಅನ್ನುತ್ತಿಲ್ಲ, ಅದು ಸರಿಯಾದ ಲೆಕ್ಕ. ಆದರೆ ಗೋಡೆಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಆಯಿತಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಾನೇ ಪಾಠ ಮಾಡಿ, ತಾನೇ ಪರೀಕ್ಷೆ ಇಟ್ಟು, ತಾನೇ ಸರ್ಟಿಫಿಕೇಟ್ ಪ್ರಿಂಟ್ ಮಾಡುವ ಅಕಾಡೆಮಿಗೆ "ನೀನು ಕಲಿಸಬಹುದು" ಅಂತ ಹೇಳುವ ಒಂದೇ ಒಂದು ಲೈಸೆನ್ಸ್ ನಮ್ಮಲ್ಲಿ ಇಲ್ಲ. ಇರುವುದು ಕೋರ್ಸಿಗೆ ತಕ್ಕ ಮಾನ್ಯತೆ. ನರ್ಸಿಂಗಿಗೆ ನರ್ಸಿಂಗ್ ಕೌನ್ಸಿಲ್, ಲ್ಯಾಬ್ ಮತ್ತು ಎಕ್ಸ್‌ರೇ ಡಿಪ್ಲೊಮಾಕ್ಕೆ ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್, ಹಡಗಿನ ಕೆಲಸಕ್ಕೆ ಡಿಜಿ ಶಿಪ್ಪಿಂಗ್, ಐಟಿಐಗೆ ಕೇಂದ್ರದ ಡಿಜಿಟಿ. ಉಳಿದ ಸ್ಕಿಲ್ ಕೋರ್ಸುಗಳಿಗೆ ಎನ್‌ಸಿವಿಇಟಿ ಅಂತ ಒಂದು ಮಂಡಳಿ ಉಂಟು, 2018ರಲ್ಲಿ ಅಧಿಸೂಚನೆ ಆಗಿ 2020ರಿಂದ ಕೆಲಸ ಶುರು ಮಾಡಿದೆ. ಅದು ಒಪ್ಪಿದ ಕೋರ್ಸುಗಳು ನ್ಯಾಷನಲ್ ಕ್ವಾಲಿಫಿಕೇಷನ್ಸ್ ರಿಜಿಸ್ಟರಿನಲ್ಲಿ ಸಿಗುತ್ತವೆ, ಮೊಬೈಲಿನಲ್ಲೇ ಹುಡುಕಬಹುದು. ಅಲ್ಲಿ ಕೋರ್ಸಿನ ಕೋಡ್, ಲೆವೆಲ್, ಸರ್ಟಿಫಿಕೇಟ್ ಕೊಡುವವರು ಯಾರು ಅಂತ ಎಲ್ಲ ಇರುತ್ತದೆ. ಅಕಾಡೆಮಿಯವರ ಹತ್ತಿರ ಆ ಕೋಡನ್ನೂ ಅವರ ಟ್ರೈನಿಂಗ್ ಸೆಂಟರ್ ಐಡಿಯನ್ನೂ ಬರೆದು ಕೊಡಿ ಅನ್ನಿ. ಬಾಯಲ್ಲಿ ಹೇಳಿದರೆ ಬೇಡ.

ಬಜಪೆ ಬಸ್ಸು:

ನಾನು ಏರ್‌ಪೋರ್ಟಿನಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ (ಚೆಕ್ ಇನ್, ಲಗೇಜ್ ಅಂಥದ್ದು) ಕೆಲಸದಲ್ಲಿ ಇರುವವನು. ಯಾವ ಕಂಪನಿ ಅಂತ ಹೇಳುವುದಿಲ್ಲ, ಇಲ್ಲಿ ಎಲ್ಲರಿಗೂ ಎಲ್ಲರ ಗುರುತು ಉಂಟು. ನಮ್ಮ ಜೊತೆ ಇರುವವರಲ್ಲಿ ಅಕಾಡೆಮಿ ಮುಗಿಸಿದವರೂ ಇದ್ದಾರೆ, ಬರೀ ಬಿಕಾಂ ಆದವರೂ ಇದ್ದಾರೆ, ಎಲ್ಲರ ಕೈಗೆ ಬರುವ ಸಂಬಳ ಒಂದೇ. ಇಂಟರ್‌ವ್ಯೂನಲ್ಲಿ ನೋಡಿದ್ದು ಮಾತು. ಹಿಂದಿ, ಇಂಗ್ಲಿಷ್ ಸಲೀಸಾಗಿ ಬರುತ್ತದಾ, ರಾತ್ರಿ ಪಾಳಿಗೆ ಬರುತ್ತೀರಾ, ಸಿಟ್ಟು ಬಂದ ಪ್ಯಾಸೆಂಜರನ್ನು ಹೇಗೆ ಸಮಾಧಾನ ಮಾಡುತ್ತೀರಿ. ಸೇರಿದ ಮೇಲೆ ಬೇಕಾದ ಟ್ರೈನಿಂಗ್ ಕಂಪನಿಯೇ ಮಾಡಿಸಿತು. ಒಳಗೆ ಹೋಗಲು ಬೇಕಾದ ಎಂಟ್ರಿ ಪಾಸ್ ಅಂತೂ ಕಂಪನಿ ಅರ್ಜಿ ಹಾಕಿ, ಪೊಲೀಸ್ ವೆರಿಫಿಕೇಷನ್ ಆದ ಮೇಲೆ ಸಿಗುವುದು. ಅದನ್ನು ಯಾವ ಅಕಾಡೆಮಿಯೂ ಕೊಡಲಿಕ್ಕೆ ಆಗುವುದಿಲ್ಲ.

ಕ್ಯಾಬಿನ್ ಕ್ರೂ ಆಗಬೇಕು ಅನ್ನುವವರಿಗೂ ಅಷ್ಟೇ. ವಿಮಾನಯಾನ ನಿಯಂತ್ರಿಸುವ ಕೇಂದ್ರದ ಸಂಸ್ಥೆ ಡಿಜಿಸಿಎ ಪೈಲಟ್ ಶಾಲೆಗೆ, ವಿಮಾನ ರಿಪೇರಿ ಕಲಿಸುವ ಸಂಸ್ಥೆಗೆ ಅನುಮತಿ ಕೊಡುತ್ತದೆ. ಏರ್ ಹೋಸ್ಟೆಸ್ ಅಕಾಡೆಮಿಗೆ ಅಂಥದ್ದು ಇಲ್ಲ. ಏರ್‌ಲೈನ್ ಮೊದಲು ಆಯ್ಕೆ ಮಾಡಿ ಆಮೇಲೆ ತಾನೇ ಟ್ರೈನಿಂಗ್ ಕೊಡುತ್ತದೆ. "ಡಿಜಿಸಿಎ ಅಪ್ರೂವ್ಡ್ ಏರ್ ಹೋಸ್ಟೆಸ್ ಕೋರ್ಸ್" ಅಂತ ಬ್ಯಾನರ್ ಕಂಡರೆ ಒಳಗೆ ಕೂಡ ಹೋಗಬೇಡಿ.

ಐಯಾಟಾ (ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘ) ಕೋರ್ಸ್ ಮಾತ್ರ ಬೇರೆ. ಕಾರ್ಗೋ, ಟಿಕೆಟಿಂಗ್ ಕಡೆ ಹೋಗುವವರಿಗೆ ಅದಕ್ಕೆ ಸ್ವಲ್ಪ ಬೆಲೆ ಉಂಟು. ಆದರೆ ಅಕಾಡೆಮಿ ನಿಜವಾಗಿ ಅವರ ಅಧಿಕೃತ ಸೆಂಟರ್ ಹೌದಾ ಅಂತ ಐಯಾಟಾ ವೆಬ್‌ಸೈಟಿನಲ್ಲೇ ನೋಡಿ.

ಕಲ್ಸಂಕ ಕಂಪ್ಯೂಟರ್ಸ್:

ನಾನು ಉಡುಪಿಯಲ್ಲಿ ಸಣ್ಣ ಕಂಪ್ಯೂಟರ್ ಸೆಂಟರ್ ನಡೆಸುತ್ತೇನೆ. ಟ್ಯಾಲಿ, ಎಕ್ಸೆಲ್, ಡಿಟಿಪಿ. ನಮ್ಮಲ್ಲೂ ಗೋಡೆಗೆ ಉದ್ಯಮ್ ಕಾಗದ ಅಂಟಿಸಿದ್ದೇವೆ, ಬಾಡಿಗೆ ಕಟ್ಟಡ, 18% ಕೂಡ ಕಟ್ಟುತ್ತೇವೆ. ಹಾಗಂತ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಮೂರು ತಿಂಗಳು ಟ್ಯಾಲಿ ಕಲಿತು ಕುಂಜಿಬೆಟ್ಟಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದ ಹುಡುಗಿಯರು ಎಷ್ಟೋ ಜನ ಇದ್ದಾರೆ, ಅವರ ಹತ್ತಿರ ಯಾರೂ ಎನ್‌ಸಿವಿಇಟಿ ಕೇಳಲಿಲ್ಲ. ನಾಳೆ ಲೈಸೆನ್ಸ್ ಕಡ್ಡಾಯ ಅಂತ ಆದರೆ ಏನಾಗುತ್ತದೆ ಹೇಳಲಾ? ದೊಡ್ಡ ಬ್ರ್ಯಾಂಡಿನವರು ಫೈಲ್ ಮಾಡಿಸಿಕೊಂಡು ಆರಾಮ ಇರುತ್ತಾರೆ. ಹತ್ತು ಕಂಪ್ಯೂಟರ್ ಇಟ್ಟುಕೊಂಡ ನಮ್ಮಂಥವರು ಇನ್‌ಸ್ಪೆಕ್ಟರ್ ಬಂದಾಗೆಲ್ಲ ಚಾ ತರಿಸುತ್ತಾ ಕೂರಬೇಕು.

ನನ್ನ ಪ್ರಕಾರ ಬೇಕಾದದ್ದು ಬೇರೆ. ಹಿಂದಿನ ಟೈಪಿಂಗ್ ಇನ್‌ಸ್ಟಿಟ್ಯೂಟ್ ನೆನಪಿದೆಯಾ? ಕಲಿಸುವುದು ಖಾಸಗಿ, ಫೀಸು ಖಾಸಗಿ, ಜೂನಿಯರ್ ಸೀನಿಯರ್ ಪರೀಕ್ಷೆ ಮಾತ್ರ ಸರ್ಕಾರದ ಬೋರ್ಡಿನದ್ದು. ಕಲಿಸಿದವನು ಮಾರ್ಕ್ ಹಾಕುವ ಹಾಗಿರಲಿಲ್ಲ. ಕೆಟ್ಟ ಇನ್‌ಸ್ಟಿಟ್ಯೂಟ್ ಯಾವುದು ಅಂತ ರಿಸಲ್ಟ್ ಬಂದ ದಿನ ಊರಿಗೇ ಗೊತ್ತಾಗುತ್ತಿತ್ತು. ಈಗ ಲಕ್ಷ ರೂಪಾಯಿ ಕೋರ್ಸಿಗೆ ಅಷ್ಟೂ ಇಲ್ಲ ಅಲ್ವಾ.

ಕಟ್ಟಡದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕೇ ಬೇಕು. 2019ರಲ್ಲಿ ಸೂರತ್‌ನಲ್ಲಿ ಕಾಂಪ್ಲೆಕ್ಸಿನ ಮೇಲಿದ್ದ ಕೋಚಿಂಗಿಗೆ ಬೆಂಕಿ ಬಿದ್ದು 22 ಮಕ್ಕಳು ಹೋದರು. 2024ರ ಜುಲೈಯಲ್ಲಿ ದೆಹಲಿಯಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಮೂವರು. ನಮ್ಮಲ್ಲೂ ಎಷ್ಟು ಅಕಾಡೆಮಿಗಳು ಮೂರನೇ ಮಾಳಿಗೆಯಲ್ಲಿ, ಒಂದೇ ಮೆಟ್ಟಿಲು, ಅದರಲ್ಲೂ ಅರ್ಧ ಜಾಗದಲ್ಲಿ ಜೆರಾಕ್ಸ್ ಅಂಗಡಿಯವನ ಪೇಪರ್ ಕಟ್ಟು!

ಕಡಲಾಚೆ:

ಕಾಪುವಿನವನು, ಈಗ ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಕಲ್ಸಂಕದವರೆ, ಲೈಸೆನ್ಸ್ ಅಂದರೆ ಇನ್‌ಸ್ಪೆಕ್ಟರ್ ಮಾತ್ರ ಅಲ್ಲ. ಇಲ್ಲಿ ಲಾಭಕ್ಕೆ ನಡೆಸುವ ವೃತ್ತಿ ಶಾಲೆಗಳನ್ನು ನೋಡಿಕೊಳ್ಳಲು 2010ರಿಂದ ರಾಜ್ಯದ ಒಂದು ಬ್ಯೂರೋ ಉಂಟು. ನನ್ನ ಹೆಂಡತಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ ಸೇರುವಾಗ ಸಹಿಗೆ ಮೊದಲೇ ಒಂದು ಹಾಳೆ ಕೈಗೆ ಕೊಟ್ಟರು. ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಅದೇ ಕ್ಷೇತ್ರದಲ್ಲಿ ಕೆಲಸ ಆಯಿತು, ಸಂಬಳ ಎಷ್ಟು ಅಂತ ಎಲ್ಲ ಅದರಲ್ಲಿ. ಓದಿ ಇನಿಶಿಯಲ್ ಹಾಕಿದ ಮೇಲೆಯೇ ಮುಂದಿನ ಮಾತು. ಮೊದಲ ಕ್ಲಾಸಿನ ದಿನ ಅಥವಾ ಸೇರಿದ ಏಳನೇ ದಿನ, ಯಾವುದು ತಡವೋ ಅಲ್ಲಿಯ ತನಕ ಬೇಡ ಅಂದರೆ ದುಡ್ಡು ವಾಪಸ್, 250 ಡಾಲರಿನ ಒಳಗೆ ಅರ್ಜಿ ಫೀಸು ಅಂತ ಹಿಡಿದುಕೊಳ್ಳಬಹುದು ಅಷ್ಟೆ. ಆಮೇಲೆ ಬಿಟ್ಟರೂ ಕೋರ್ಸಿನ 60% ಆಗುವ ತನಕ ಕಲಿತಷ್ಟಕ್ಕೆ ಮಾತ್ರ ಲೆಕ್ಕ. ಶಾಲೆಯೇ ಮುಚ್ಚಿಹೋದರೆ ವಿದ್ಯಾರ್ಥಿಗಳ ನಷ್ಟ ತುಂಬಿಸಲು ಬೇರೆ ನಿಧಿ.

ಹಾಗಂತ ಇಲ್ಲಿ ಮೋಸ ನಿಂತಿದೆ ಅಂತಲ್ಲ. ಇದೇ ರಾಜ್ಯದಲ್ಲಿ ಹೆಡ್ ಆಫೀಸ್ ಇದ್ದ ಕೊರಿಂಥಿಯನ್ ಕಾಲೇಜಸ್ ಅನ್ನುವ ಖಾಸಗಿ ಕಾಲೇಜು ಸರಣಿ 2015ರಲ್ಲಿ ಬಾಗಿಲು ಹಾಕಿತು. ಕೆಲಸ ಸಿಕ್ಕವರ ಲೆಕ್ಕವನ್ನೇ ಉಬ್ಬಿಸಿ ತೋರಿಸಿದ್ದರು. ಕೊನೆಗೆ 2022ರಲ್ಲಿ ಅಲ್ಲಿ ಕಲಿತ ಸುಮಾರು 5.6 ಲಕ್ಷ ಜನರ 580 ಕೋಟಿ ಡಾಲರ್ ಶಿಕ್ಷಣ ಸಾಲವನ್ನು ಅಮೆರಿಕದ ಕೇಂದ್ರ ಸರ್ಕಾರವೇ ಮನ್ನಾ ಮಾಡಬೇಕಾಯಿತು. ಹಾಳೆ ಕೊಟ್ಟರೆ ಸಾಲದು, ಅದರಲ್ಲಿ ಬರೆದದ್ದನ್ನು ಯಾರಾದರೂ ಫೋನ್ ಮಾಡಿ ಪರೀಕ್ಷಿಸಬೇಕು.

ವಾಯಿದೆ:

ವಕೀಲಿ ಮಾಡುತ್ತೇನೆ, ಮಂಗಳೂರು ಕೋರ್ಟಿನಲ್ಲೇ. ಕಾಪು ಅಣ್ಣ ಹೇಳಿದ ರಿಫಂಡ್ ಇಲ್ಲಿ ಹೇಗೆ ಅಂತ ಸ್ವಲ್ಪ ಹೇಳುತ್ತೇನೆ.

ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್‌ಗಳಿಗೆ ನೋಂದಣಿ ಉಂಟು. ಆದರೆ ಅದು ಸರ್ಕಾರ ನಡೆಸುವ ಅಥವಾ ಒಪ್ಪಿದ ಪರೀಕ್ಷೆಗೆ ತಯಾರು ಮಾಡುವವರಿಗೆ. ತನ್ನದೇ ಪರೀಕ್ಷೆ ಇಡುವವನು ಅಲ್ಲಿಂದ ನುಸುಳಿಕೊಳ್ಳುತ್ತಾನೆ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಕೊಟ್ಟಿತು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸು 10 ದಿನದಲ್ಲಿ ವಾಪಸ್ ಅಂತ ಅದರಲ್ಲಿ ಉಂಟು. ಅದು ಬರೀ ಮಾರ್ಗಸೂಚಿ, ಜಾರಿ ರಾಜ್ಯದ ಕೈಯಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿನ ಮೇಲೆ ಬೇರೆ ಮಾರ್ಗಸೂಚಿ ತಂದಿತು. ಕೆಲಸ ಗ್ಯಾರಂಟಿ, ಆಯ್ಕೆ ಗ್ಯಾರಂಟಿ ಅಂತ ಸುಳ್ಳು ಆಸೆ ತೋರಿಸುವ ಹಾಗಿಲ್ಲ. ಅದಕ್ಕೇ ಈಗ ಎಲ್ಲರೂ "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂತ ಬರೆಯುತ್ತಾರೆ, ಗಮನಿಸಿ. ಅಸಿಸ್ಟೆನ್ಸ್ ಅಂದರೆ ನಿಮ್ಮ ರೆಸ್ಯೂಮೆಯನ್ನು ಯಾರಿಗೋ ಮೇಲ್ ಮಾಡಿದರೂ ಆಯಿತು.

ಗ್ರಾಹಕ ಆಯೋಗಕ್ಕೆ ಹೋದರೆ ಎದುರಿನವರು ಮೊದಲು ಹೇಳುವುದು, ನಾವು ಶಿಕ್ಷಣ ಸಂಸ್ಥೆ, ಇದು ಇಲ್ಲಿ ನಡೆಯುವುದಿಲ್ಲ ಅಂತ. 2020ರ ಜನವರಿಯಲ್ಲಿ ರಾಷ್ಟ್ರೀಯ ಆಯೋಗ ವೃತ್ತಿ ಶಿಕ್ಷಣ ಕೊಡುವ ಸಂಸ್ಥೆಗಳನ್ನೂ ಸೇರಿಸಿ ಹಾಗೆ ಹೇಳಿದ್ದು ಹೌದು, ಕೋಚಿಂಗ್ ಮಾತ್ರ ಗ್ರಾಹಕ ಕಾನೂನಿನ ಒಳಗೆ ಅಂದಿತು. ಇಲ್ಲಿ ಲೆಕ್ಕಿಗರು ಹೇಳಿದ ಆ 999293 ಬಿಲ್ ಕೆಲಸಕ್ಕೆ ಬರುತ್ತದೆ. ತೆರಿಗೆ ಕಟ್ಟುವಾಗ ಕಮರ್ಷಿಯಲ್ ಕೋಚಿಂಗ್, ದುಡ್ಡು ವಾಪಸ್ ಕೇಳುವಾಗ ವಿದ್ಯಾಸಂಸ್ಥೆಯಾ ಅಂತ ವಾದ ಮಾಡಲು ಜಾಗ ಸಿಗುತ್ತದೆ. ಹಾಗಾಗಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, ಗೂಗಲ್ ಪೇಯಲ್ಲಿ ಮಾಲೀಕರ ಸ್ವಂತ ನಂಬರಿಗಂತೂ ಬೇಡವೇ ಬೇಡ.

ಇಎಂಐ ಬಗ್ಗೆ ಜಾಸ್ತಿ ಎಚ್ಚರ. ಅದು ಅಕಾಡೆಮಿಯ ಕಂತು ಅಲ್ಲ, ಫೈನಾನ್ಸ್ ಕಂಪನಿಯ ಸಾಲ. ಅಕಾಡೆಮಿಗೆ ದುಡ್ಡು ಮೊದಲೇ ಹೋಗಿಬಿಡುತ್ತದೆ, ಹುಡುಗಿ ಎರಡನೇ ತಿಂಗಳು ಬಿಟ್ಟರೂ ಕಂತು ನಿಲ್ಲುವುದಿಲ್ಲ, ಸಿಬಿಲ್ ಕೆಡುವುದು ಅವಳದ್ದೋ ಅಪ್ಪನದ್ದೋ. ಸಾಲ ಬೇಕೇ ಬೇಕು ಅಂತಾದರೆ ಬ್ಯಾಂಕಿಗೆ ಹೋಗಿ ಮಾಡೆಲ್ ಸ್ಕಿಲ್ ಲೋನ್ ಕೇಳಿ. 2024ರಿಂದ 7.5 ಲಕ್ಷದ ತನಕ ಮಿತಿ ಉಂಟು. ಈ ಕೋರ್ಸಿಗೆ ಕೊಡುತ್ತೀರಾ ಅಂತ ಮ್ಯಾನೇಜರ್ ಹತ್ತಿರ ಕೇಳಿ ನೋಡಿ. ಅವರು ಕೊಡುವುದಿಲ್ಲ ಅಂದರೆ ಯಾಕೆ ಅಂತಲೂ ಕೇಳಿ, ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಪಡೀಲ್‌ನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಭಾವ ಮತ್ತೆ ಹೋಗಿದ್ದರು. ಕೋರ್ಸ್ ಕೋಡ್ ಮತ್ತು ಸೆಂಟರ್ ಐಡಿ ಬರೆದು ಕೊಡಿ ಅಂದದ್ದಕ್ಕೆ "ಹೆಡ್ ಆಫೀಸಿಂದ ಮೇಲ್ ಬರುತ್ತದೆ ಸರ್" ಅಂದರಂತೆ. ಹೋದ ವರ್ಷದ ಬ್ಯಾಚಿನವರ ನಂಬರ್ ಕೇಳಿದರೆ ಪ್ರೈವಸಿ ಅಂದರು. ರಿಫಂಡ್ ನಿಯಮ ಮಾತ್ರ ಅರ್ಜಿಯ ಹಿಂದೆ ಪ್ರಿಂಟ್ ಆಗಿಯೇ ಇತ್ತು. ಒಮ್ಮೆ ಕಟ್ಟಿದ ಫೀಸು ಯಾವ ಕಾರಣಕ್ಕೂ ವಾಪಸ್ ಇಲ್ಲ, ಅಷ್ಟೇ.

ಮೇಲ್ ಬರುವ ತನಕ ದುಡ್ಡಿಲ್ಲ ಅಂತ ಹೇಳಿ ಬಂದಿದ್ದಾರೆ. ಹುಡುಗಿಗೆ ಸಿಟ್ಟು ಬಂದಿದೆ, ಮಾತಾಡುತ್ತಿಲ್ಲ. ಬಜಪೆ ಬಸ್ಸು ಅಣ್ಣ, ಬಿಕಾಂ ಮಾಡುತ್ತಲೇ ಹಿಂದಿ, ಇಂಗ್ಲಿಷ್ ಸುಧಾರಿಸಿಕೊಂಡರೆ ನಿಮ್ಮಲ್ಲಿ ಫ್ರೆಶರ್‌ಗಳನ್ನು ಯಾವಾಗ ತೆಗೆದುಕೊಳ್ಳುತ್ತಾರೆ, ಎಲ್ಲಿ ಹಾಕುತ್ತಾರೆ ಅಂತ ಸ್ವಲ್ಪ ಹೇಳುತ್ತೀರಾ? ನೀವು ಬರೆದದ್ದನ್ನು ಅವಳಿಗೇ ತೋರಿಸುತ್ತೇನೆ, ನಾನು ಹೇಳಿದರೆ ಕೇಳುವುದಿಲ್ಲ.

ಬಜಪೆ ಬಸ್ಸು:

ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗಳ ಮತ್ತು ಏರ್‌ಲೈನ್‌ಗಳ ವೆಬ್‌ಸೈಟಿನಲ್ಲಿ ಕೆರಿಯರ್ಸ್ ಪುಟ ಇರುತ್ತದೆ, ಅಲ್ಲೇ ಹಾಕುತ್ತಾರೆ. ವಾಕ್ ಇನ್ ಇದ್ದರೆ ಅದೂ ಅಲ್ಲೇ ಬರುತ್ತದೆ. ಅರ್ಜಿ ಹಾಕಲು ದುಡ್ಡು ಕೇಳಿದರೆ ಅದು ನಕಲಿ. ಅವಳಿಗೆ ಮೆಸೇಜ್ ಮಾಡಲು ಹೇಳಿ, ಪಾಳಿ ಕೆಲಸ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಕ್ಯಾಬ್ ಬರುತ್ತದೆ ಅಂತ ಕೇಳಿದ ಮೇಲೂ ಹಠ ಹಾಗೇ ಇದ್ದರೆ ಈ ಕೆಲಸಕ್ಕೆ ಸರಿಯಾದವಳೇ.