ಕೊಂಡ ಮನೆಯಲ್ಲಿ ಓರೆ ಬಿರುಕು, ಮೋಲ್ಡ್‌ನಲ್ಲಿ ಕಂಬಿ: ಪ್ಲಾಸ್ಟರ್ ಸಾಕಾ?

ಪ್ರಶ್ನೆ: ಕೋಲಾರದಲ್ಲಿ ಕೊಂಡ ಹಳೇ ಮನೆ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ. ಮಳೆ ಬಿದ್ದ ಮೇಲೆ ಹೊಸ ಬಣ್ಣದಡಿಯಿಂದ ಕಿಟಕಿ ಮೂಲೆಯ ಓರೆ ಬಿರುಕು ಕಾಣಿಸಿತು. ಬಚ್ಚಲುಮನೆ ಮೋಲ್ಡ್ (ಕಾಂಕ್ರೀಟ್ ಛಾವಣಿ) ಉದುರಿ ಕಂಬಿ ಹೊರಗೆ ಬಂದಿದೆ. ಮೇಸ್ತ್ರಿ ‘ಪ್ಲಾಸ್ಟರ್ ಬಳಿದ್ರೆ ಸಾಕು’ ಅಂತಾರೆ. ಸಾಕಾ?

ಉತ್ತರ 1: ಸಾಲದು ಸಾರ್. ಗೋಡೆಯೂ ಮೋಲ್ಡೂ ಬೇರೆ ಬೇರೆ ಕಾಯಿಲೆ. ಓರೆ ಬಿರುಕು ಹೆಚ್ಚಾಗಿ ಪಾಯ ಒಂದು ಕಡೆ ಕುಸಿದ ಗುರುತು. ಪ್ಲಾಸ್ಟರ್ ಕೆತ್ತಿ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸಿಮೆಂಟಿನಿಂದ ಕೂರಿಸಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಆಗ ಬಿರುಕು ತುಂಬೋದು ದುಡ್ಡು ದಂಡ. ಮೊದಲು ಪಾಯದ ಹತ್ತಿರ ನಿಲ್ಲುವ ನೀರು, ಒಡೆದ ಒಳಚರಂಡಿ ಪೈಪು ಸರಿಮಾಡಿಸಿ. ಸೈಟು ಮಣ್ಣು ತುಂಬಿದ ಜಾಗವಾ, ಅಕ್ಕಪಕ್ಕದವರನ್ನು ಕೇಳಿ.

ಉತ್ತರ 2: ಮೋಲ್ಡ್ ವಿಷಯದಲ್ಲಿ ಮಾತ್ರ ಕಾಯಬೇಡಿ. ಕಂಬಿ ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನೇ ತಳ್ಳುತ್ತೆ. ಕೆಳಗೆ ಜಾಕಿ (ಆಸರೆ ಕಂಬ) ಕೊಟ್ಟು, ಕಂಬಿಯ ಹಿಂಬದಿವರೆಗೂ ಕೆತ್ತಿಸಿ, ವೈರ್ ಬ್ರಶ್‌ನಲ್ಲಿ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ತುಂಬಿಸಿ. ಕಂಬಿ ತೀರಾ ಸವೆದಿದ್ದರೆ ಪಕ್ಕಕ್ಕೆ ಹೊಸದು ಕಟ್ಟಬೇಕು. ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಲಿ. ಮೇಲಿನ ಸೋರಿಕೆ ನಿಲ್ಲಿಸದೆ ಇದೆಲ್ಲ ವ್ಯರ್ಥ.

ಉತ್ತರ 3: ಕೆತ್ತುವ ಮುಂಚೆ ಫೋಟೋ ತೆಗೆದಿಡಿ, ಮನೆ ಮಾರಿದವರನ್ನು ಕೇಳೋಕೆ ಸಾಕ್ಷಿ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವರಿಗೆ ಸಾಮಾನ್ಯವಾಗಿ ಕಾಣದ, ತನಗೆ ಗೊತ್ತಿದ್ದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಮಾರಿದವರಿಗೆ ಗೊತ್ತಿತ್ತು ಅಂತ ತೋರಿಸೋದೇ ಕಷ್ಟ.