ಮೊದಲ ಸುತ್ತಲ್ಲೇ ಕಣ್ಣಿಗೆ ಹೊಡೀತಾರೆ, ಗುರಿ ಇಟ್ಟು ಹೊಡೆಯೋ ರೂಲ್ ಸರಿಮಾಡೋದು ಹೇಗೆ?

ತುಂಗೆದಡ (ತೀರ್ಥಹಳ್ಳಿ):
ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ಹೇಳಿ. ನಮ್ಮ ಟೇಬಲ್‌ನಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ (ದಾಳ ಹಾಕಿ ಪಾತ್ರ ಆಡೋ ಆಟ) ನಡೆಸೋನು ನಾನು, ಬೇಕಾದ ಅಂಗಕ್ಕೇ ಹೊಡೆಯೋಕೆ ನಮ್ಮದೇ ಒಂದು ಹೌಸ್ ರೂಲ್ ಮಾಡಿದ್ದೆ. ಕಣ್ಣೋ ಕೈಯೋ ಕಾಲೋ ಮೊದಲೇ ಹೇಳ್ಬೇಕು, ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ಸಲ ಹಾಕಿ ಕಮ್ಮೀದು ತಗೊಂಡು) ದಾಳ ಹಾಕ್ಬೇಕು, ತಾಗಿದ್ರೆ ಆ ಅಂಗ ಹೋಯ್ತು. ಕಳೆದ ಭಾನುವಾರ ಸೈಕ್ಲೋಪ್ಸ್ ಬಿಟ್ಟೆ. ಅದರ ಗುಹೆಗೆ ಅಂತ ಮೂರು ವಾರ ಕೂತು ಜಂಬಿಟ್ಟಿಗೆ ಚೂರು ಅಂಟಿಸಿ ಗೋಡೆ ಎಬ್ಬಿಸಿದ್ದೆ. ಬಿಲ್ಲುಗಾರ "ಕಣ್ಣಿಗೆ" ಅಂದ, ತಾಗ್ತು. ಇದ್ದಿದ್ದೇ ಒಂದು ಕಣ್ಣು. 138 ಹಿಟ್ ಪಾಯಿಂಟ್ (ಜೀವದ ಅಂಕಿ) ಇರೋ ರಾಕ್ಷಸ ಗೋಡೆ ತಡವ್ತಾ ನಿಂತ. ಹೊರಗೆ ಹೆಂಚಿನ ಮೇಲೆ ಮಳೆ ಸದ್ದು, ಒಳಗೆ ಯಾರಿಗೂ ಮಾತಿಲ್ಲ. ಡಿಸ್‌ಅಡ್ವಾಂಟೇಜ್ ಹಾಕಿದ್ರೂ ಹೀಗ್ಯಾಕೆ?

ಕೊನೆಗಾರ (ಸಾಗರ):
ಡಿಸ್‌ಅಡ್ವಾಂಟೇಜೇ ತಪ್ಪು. ಕಿತ್ತುಹಾಕಿ ದಾಳದ ಅಂಕಿಗೆ ನೇರ −5 ಕೊಡಿ. ಶಾರ್ಪ್‌ಶೂಟರ್ ಅನ್ನೋ ವಿಶೇಷ ಕೌಶಲದಲ್ಲಿ −5 ಕೊಟ್ಟು +10 ಡ್ಯಾಮೇಜ್ ತಗೊಳ್ಳೋ ಲೆಕ್ಕ ಇದೆಯಲ್ಲ, ಅದೇ ಅಳತೆ.

ಇಪ್ಪತ್ಮುಖ (ಶಿವಮೊಗ್ಗ):
ಯಾವ ಎಡಿಷನ್, ಎಷ್ಟನೇ ಲೆವೆಲ್, ಬಿಲ್ಲುಗಾರ ದಾಳಕ್ಕೆ ಕೂಡಿಸೋ ಬೋನಸ್ ಎಷ್ಟು? ಇದು ಗೊತ್ತಿಲ್ದೆ ಏನು ಹೇಳೋದು.

ತುಂಗೆದಡ:
ಐದನೇದೇ ಸಾರ್, 2014ರದ್ದು. ಎಲ್ಲರೂ ಆಡೋದು ಅದೇ ಅಲ್ವಾ?

ಕೊನೆಗಾರ:
ಎಲ್ಲರೂ ಅಂತ ಯಾರು ಹೇಳಿದ್ದು? ನಾವು 2024ರದ್ದಕ್ಕೆ ಹೋಗಿ ಆಯ್ತು.

ಇಪ್ಪತ್ಮುಖ:
2024ರಲ್ಲಿ ಶಾರ್ಪ್‌ಶೂಟರ್‌ನಿಂದ ಆ −5, +10 ಎರಡನ್ನೂ ತೆಗೆದಿದ್ದಾರೆ ಮಾರಾಯ್ರೆ. ನೀವೇ ಬಿಟ್ಟ ಪುಸ್ತಕದ ಅಳತೆ ಇವರಿಗೆ ಕೊಡ್ತಿದೀರಿ.

ಕೊನೆಗಾರ:
ತೆಗೆದ್ರೂ ಅಳತೆ ಸರಿಯಾದದ್ದೇ. −5 ಹಾಕಿ ನೋಡಿ, ಆಮೇಲೆ ಮಾತಾಡಿ.

ಹಾಳೆಟೋಪಿ (ಹೊಸನಗರ):
ಅಂಕಿ ಬಿಡಿ. ಭೀಮ ದುರ್ಯೋಧನನ ತೊಡೆಗೆ ಹೊಡೆದಿದ್ದು ಮೊದಲನೇ ಏಟಿಗಾ? ಇಬ್ಬರೂ ಬಡಿದಾಡಿ ಬಸವಳಿದ ಮೇಲೆ, ಕೃಷ್ಣ ಸನ್ನೆ ಮಾಡಿದ ಮೇಲೆ. ಎದುರಾಳಿಯ ಹಿಟ್ ಪಾಯಿಂಟ್ ಅರ್ಧಕ್ಕೆ ಇಳಿಯೋವರೆಗೆ ಅಂಗಕ್ಕೆ ಗುರಿ ಇಡೋ ಹಾಗಿಲ್ಲ ಅಂತ ಮಾಡಿ.

ಕೊನೆಗಾರ:
ವ್ಯಾಸಭಾರತದಲ್ಲಿ ತೊಡೆ ತಟ್ಟಿ ತೋರಿಸಿದ್ದು ಅರ್ಜುನ.

ಹಾಳೆಟೋಪಿ:
ನಾನು ಯಕ್ಷಗಾನದ ಆಟದಲ್ಲಿ ಬೆಳಗಿನ ಜಾವದವರೆಗೆ ಕೂತು ನೋಡಿದ್ದು ಕೃಷ್ಣನೇ.

ಕೊನೆಗಾರ:
ಆಟ ಬೇರೆ, ಮೂಲ ಬೇರೆ. ಅಲ್ದೆ ಅದು ಅಧರ್ಮದ ಏಟು, ಬಲರಾಮ ನೇಗಿಲೆತ್ತಿಕೊಂಡು ಬಂದ. ರೂಲ್‌ಗೆ ಅದನ್ನ ಆಧಾರ ಮಾಡ್ತೀರಾ?

ಇಪ್ಪತ್ಮುಖ:
ಗದಾಯುದ್ಧ ಆಮೇಲೆ. ತುಂಗೆದಡ, ಬೋನಸ್?

ತುಂಗೆದಡ:
ಫೈಟರ್, 7ನೇ ಲೆವೆಲ್. ಡೆಕ್ಸ್ (ಚುರುಕುತನ) 18, ಆರ್ಚರಿ ಸ್ಟೈಲ್ ಇದೆ. ಒಟ್ಟು +9.

ಇಪ್ಪತ್ಮುಖ:
ಹಾಗಾದ್ರೆ ಒಂದು ಸುತ್ತಿಗೆ ಎರಡು ಬಾಣ. ಇದನ್ನ ಮೊದಲೇ ಹೇಳೋದಲ್ವಾ! ಸೈಕ್ಲೋಪ್ಸ್ ಎಸಿ (ಏಟು ತಾಗೋಕೆ ಬರಬೇಕಾದ ಒಟ್ಟು) 14. ಇವನಿಗೆ ಡಿ20 (ಇಪ್ಪತ್ತು ಮುಖದ ದಾಳ) ಮೇಲೆ 5 ಬಿದ್ರೆ ಸಾಕು, 80%. ಎರಡು ದಾಳ ಹಾಕಿ ಕಮ್ಮೀದು ತಗೊಂಡ್ರೂ 64%. ಎರಡು ಬಾಣದಲ್ಲಿ ಒಂದಾದ್ರೂ ಕಣ್ಣಿಗೆ ತಾಗೋದು 87%. ಕೊನೆಗಾರರ −5 ಹಾಕಿದ್ರೆ ಒಂದು ಬಾಣಕ್ಕೆ 55%, ಎರಡಕ್ಕೆ ಸೇರಿ 80%. ಅದ್ರಿಂದಲೂ ನಿಮ್ಮ ಗುಹೆ ಉಳೀತಿರ್ಲಿಲ್ಲ. ಕಣ್ಣು ಹೋದ್ರೆ ಎಷ್ಟು ಹೊತ್ತು? ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳೋಕೆ ಹಾಕೋ ದಾಳ) ಇದೆಯಾ?

ತುಂಗೆದಡ:
ಹೋಯ್ತು ಅಂದ್ರೆ ಹೋಯ್ತು ಸಾರ್. ಸೇವ್ ಇಟ್ಟಿಲ್ಲ. ಬಾಣದ ಡ್ಯಾಮೇಜೂ ಪೂರ್ತಿ ಬೀಳುತ್ತೆ.

ಇಪ್ಪತ್ಮುಖ:
ಅಲ್ಲೇ ಇದೆ ನೋಡಿ ಕಾಯಿಲೆ. ಎಲ್ಲರೂ ದಾಳ ಹಿಡ್ಕೊಂಡು ಜಗಳ ಆಡ್ತಿದೀವಿ, ಕೆಟ್ಟಿರೋದು ಬಹುಮಾನ. ಒಂದೇ ಬಾಣಕ್ಕೆ ಡ್ಯಾಮೇಜೂ ಸಿಕ್ಕಿ, ಕಣ್ಣೂ ಶಾಶ್ವತವಾಗಿ ಹೋಗೋದಾದ್ರೆ ಬುದ್ಧಿ ಇರೋ ಯಾವ ಆಟಗಾರನೂ ಎದೆಗೆ ಹೊಡೆಯಲ್ಲ. 138 ಹಿಟ್ ಪಾಯಿಂಟ್ ಬರೆದಿದ್ದೇ ದಂಡ ಆಗುತ್ತೆ. ಗುರ್ಪ್ಸ್ ಅನ್ನೋ ಇನ್ನೊಂದು ಆಟದಲ್ಲಿ ಕಣ್ಣಿಗೆ −9 ಇದೆ, ಆದ್ರೆ ಆ ಆಟದ ಮೈಕಟ್ಟೇ ಬೇರೆ, ಅಂಗ ಅಂಗಕ್ಕೂ ಮೊದಲಿಂದ ಲೆಕ್ಕ ಇಟ್ಟು ಕಟ್ಟಿದ್ದು. ಪಾಥ್‌ಫೈಂಡರ್ ಆಟದ ಮೊದಲ ಎಡಿಷನ್‌ನ ಐಚ್ಛಿಕ ರೂಲ್ ನಿಮಗೆ ಹತ್ತಿರ. ಅಲ್ಲಿ ಕಾಲಿಗೆ −2, ತಲೆಗೆ −5, ಕಣ್ಣಿಗೆ −10. ಅದಕ್ಕಿಂತ ಮುಖ್ಯ, ಗುರಿ ಇಟ್ಟು ಹೊಡೆದ್ರೆ ಪೂರ್ತಿ ಸುತ್ತು ಖರ್ಚು, ಒಂದೇ ಏಟು.

ನಾನಾದ್ರೆ ಹೀಗೆ ಮಾಡ್ತಿದ್ದೆ: ಅಂಗಕ್ಕೆ ಗುರಿ ಇಟ್ರೆ ಆ ಸರದಿಯಲ್ಲಿ ಒಂದೇ ಬಾಣ. ತಾಗಿದ್ಮೇಲೆ ಎದುರಾಳಿಗೆ ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿತನ) ಸೇವ್, ಡಿಸಿ (ಗೆಲ್ಲೋಕೆ ಬರಬೇಕಾದ ಒಟ್ಟು) 8 + ಪ್ರಾಫಿಷಿಯೆನ್ಸಿ (ಲೆವೆಲ್‌ಗೆ ತಕ್ಕ ಬೋನಸ್) + ಡೆಕ್ಸ್ ಬೋನಸ್, ಅಂದ್ರೆ ಇವನಿಗೆ 15. ಸೇವ್ ಸೋತ್ರೆ ಹೊಡೆದವನ ಮುಂದಿನ ಸರದಿ ಮುಗಿಯೋವರೆಗೆ ಕುರುಡು, ಅಷ್ಟೇ. ಸೈಕ್ಲೋಪ್ಸ್‌ಗೆ ಸೇವ್‌ನಲ್ಲಿ +5, ಸೋಲೋದು 45%. ಅಂಗ ಕಾಯಂ ಹೋಗ್ಬೇಕು ಅಂದ್ರೆ ಜೀವ 0ಗೆ ಇಳಿದಾಗ ಇಟ್ಕೊಳ್ಳಿ. 2014ರ ಡಿಎಂ (ಆಟ ನಡೆಸೋರ) ಪುಸ್ತಕದಲ್ಲಿ ಮಾಯದ ಗಾಯಗಳ ಪಟ್ಟಿಯೇ ಇದೆ, ಡಿ20 ಹಾಕಿ 1 ಬಂದ್ರೆ ಕಣ್ಣು.

ಹಾಳೆಟೋಪಿ:
ದಾಳದ ಮಾತು ಬಂತಲ್ಲ, ನಾನು ಅಡಿಕೆ ಹಾಳೆ ನೆನೆಸಿ, ನಾಲ್ಕೂ ಮೂಲೆ ಮಡಚಿ, ಕಡ್ಡಿ ಚುಚ್ಚಿ ಟ್ರೇ ಮಾಡಿದ್ದೀನಿ. ದಾಳ ಹಾರಲ್ಲ, ಸದ್ದೂ ಮೆತ್ತಗೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಒಲೆ ಮೇಲಿನ ಅಟ್ಟದಲ್ಲಿ ಇಡ್ತೀನಿ.

ಕೊನೆಗಾರ:
ನಮ್ಮಲ್ಲಿ ಹಲಸಿನ ಹಲಗೆ ಟ್ರೇ, ಒಳಗೆ ಹಸಿರು ಮಖಮಲ್. ಟೇಬಲ್ ಕೂಡ ಹಲಸಿಂದೇ, ಎಂಟು ಜನ ಆರಾಮಾಗಿ ಕೂರ್ತಾರೆ. ಕರೆಂಟ್ ಹೋದ್ರೂ ಇನ್ವರ್ಟರ್‌ನಲ್ಲಿ ಮ್ಯಾಪ್ ಮೇಲೆ ಮಾತ್ರ ದೀಪ ಉರಿಯೋ ಹಾಗೆ ವೈರಿಂಗ್ ಮಾಡಿಸಿದೀನಿ.

ಹಾಳೆಟೋಪಿ:
ಮರದ ಮೇಲೆ ಲೋಹದ ದಾಳ ಹಾಕಿದ್ರೆ ಗುಳಿ ಬೀಳುತ್ತೆ, ನೋಡ್ಕೊಳ್ಳಿ.

ತುಂಗೆದಡ:
ಇಪ್ಪತ್ಮುಖ ಸಾರ್, ನಿಮ್ಮ ರೂಲ್ ನಿನ್ನೆ ಆಡಿ ನೋಡಿದ್ವಿ. ಡಿಸ್‌ಅಡ್ವಾಂಟೇಜ್ ಹಾಗೇ ಇಟ್ಟಿದ್ದೆ. ಬಿಲ್ಲುಗಾರ ಒಂದು ಸಲ ಕಣ್ಣಿಗೆ ಹೊಡೆದ, ಆ ಒಂದು ಸುತ್ತಲ್ಲಿ ಕ್ಲೆರಿಕ್ (ಗಾಯ ಮಾಯಿಸೋ ಪಾತ್ರ) ಓಡಿಹೋಗಿ ಬಿದ್ದವನನ್ನ ಎಬ್ಬಿಸ್ಕೊಂಡು ಬಂದ್ಲು. ಎರಡು ಗಂಟೆ ಹೋರಾಟ ನಡೀತು, ನಡುವೆ ಒಬ್ಬರೂ ಫೋನ್ ಮುಟ್ಲಿಲ್ಲ. ಆದ್ರೆ ಈಗ ರೋಗ್ (ಕಳ್ಳನಂಥ ಪಾತ್ರ) ಆಡೋ ಹುಡುಗಿ ಬೇಜಾರಾಗಿದ್ದಾಳೆ. ಡಿಸ್‌ಅಡ್ವಾಂಟೇಜ್ ಇದ್ರೆ ಸ್ನೀಕ್ ಅಟ್ಯಾಕ್ (ರೋಗ್‌ಗೆ ಸಿಗೋ ಹೆಚ್ಚಿನ ಡ್ಯಾಮೇಜ್) ಸಿಗಲ್ಲ, ಪಕ್ಕದಲ್ಲಿ ಗೆಳೆಯ ನಿಂತಿದ್ರೂ ಇಲ್ಲ. ಹಿಂದಿನಿಂದ ಬಂದು ಹಿಮ್ಮಡಿ ನರಕ್ಕೆ ಹೊಡೆಯೋದು ಅವಳ ಕೆಲಸ, ಅವಳೊಬ್ಬಳಿಗೇ ಈ ರೂಲ್ ಉಪಯೋಗಕ್ಕಿಲ್ಲ.

ಕೊನೆಗಾರ:
ಅದಕ್ಕೇ ಮೊದಲಿಂದ ಹೇಳ್ತಿರೋದು. −5 ಅನ್ನೋದು ಡಿಸ್‌ಅಡ್ವಾಂಟೇಜ್ ಅಲ್ಲ. ಸ್ನೀಕ್ ಅಟ್ಯಾಕ್ ಉಳಿಯುತ್ತೆ.

ಇಪ್ಪತ್ಮುಖ:
ಇದು ನನಗೆ ಹೊಳೀಲಿಲ್ಲ, ಕೊನೆಗಾರರು ಹೇಳಿದ್ದೇ ಸರಿ. ಒಂದೇ ಏಟು, ಸೇವ್, ಅವಧಿ ಹಾಗೇ ಇರಲಿ, ಡಿಸ್‌ಅಡ್ವಾಂಟೇಜ್ ಜಾಗಕ್ಕೆ −5 ಹಾಕಿ. ನಿಮ್ಮ ಬಿಲ್ಲುಗಾರನಿಗೆ 55% ತಾಗಿ, ಅದರಲ್ಲಿ 45% ಸೇವ್ ಸೋತು, ಸರದಿಗೆ ಹತ್ರಹತ್ರ 25% ಬರುತ್ತೆ. ನಾಲ್ಕಕ್ಕೆ ಒಂದು.

ತುಂಗೆದಡ:
ಈ ಭಾನುವಾರ ಹೀಗೇ ಆಡ್ತೀವಿ. ಹಾಳೆಟೋಪಿಯವರೆ, ಹಾಳೆ ಎಷ್ಟು ಹೊತ್ತು ನೆನೆಸ್ಬೇಕು? ನಮ್ಮ ತೋಟದಲ್ಲಿ ರಾಶಿ ಬಿದ್ದಿದೆ.