ಸಾಲ ತೀರಿತು, ಇನ್ನು ಆ ಕಂತಿನ ದುಡ್ಡನ್ನು ಕೈಯಲ್ಲಿ ನಿಲ್ಲಿಸುವುದು ಹೇಗೆ?

ಸುಂಟಿಕೊಪ್ಪದ ರೈಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ಹೆಂಡತಿ ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಮಗಳಿಗೆ ಏಳು ವರ್ಷ. ಮಾದಾಪುರದ ಹತ್ತಿರ ಅಪ್ಪನ ಪಾಲಿಗೆ ಬಂದ ಒಂದೂವರೆ ಎಕರೆ ರೊಬಸ್ಟಾ ಕಾಫಿ ತೋಟ ಇದೆ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕರಿಮೆಣಸು ಇದೆ.

2018ರ ಆಗಸ್ಟ್ ಮಳೆಗೆ ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿದು ಅಡುಗೆಮನೆ ಗೋಡೆ ಹೋಯಿತು. ಅದನ್ನು ಕಟ್ಟಿಸಿ ಉಸಿರು ಬಿಡುವಷ್ಟರಲ್ಲಿ ಅಪ್ಪನಿಗೆ ಹೃದಯದ ಆಪರೇಷನ್. ಪರ್ಸನಲ್ ಲೋನ್, ಹೆಂಡತಿಯ ಸರ ಅಡವಿಟ್ಟು ತಂದ ದುಡ್ಡು, ಇಬ್ಬರ ಹತ್ತಿರ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ, ಎಲ್ಲಾ ಸೇರಿಕೊಂಡಿತ್ತು. ಕೈಸಾಲ ಮೊದಲು ತೀರಿಸಿದೆವು, ಆಮೇಲೆ ಸರ ಬಿಡಿಸಿದೆವು. ಪರ್ಸನಲ್ ಲೋನಿನ ಕೊನೆಯ ಕಂತು ಈ ಜನವರಿಯಲ್ಲಿ ಹೋಯಿತು. ಆವತ್ತು ರಾತ್ರಿ ನಾನು, ಹೆಂಡತಿ ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿದೆವು.

ತಿಂಗಳಿಗೆ 9,200 ರೂಪಾಯಿ ಕಂತು ಕಟ್ಟುತ್ತಿದ್ದೆ. ಪ್ರತಿ ತಿಂಗಳು 5ನೇ ತಾರೀಕು ಬೆಳಿಗ್ಗೆ ದುಡ್ಡು ಕಟ್ ಆದ ಮೆಸೇಜ್ ಬರುತ್ತಿತ್ತು. ಅಷ್ಟು ವರ್ಷ ಆ ದುಡ್ಡಿಲ್ಲದೆಯೇ ಮನೆ ನಡೆಸಿದ್ದೇವೆ. ಈಗ ಅದು ಕೈಯಲ್ಲೇ ಇದೆ, ಆದರೆ ತಿಂಗಳ ಕೊನೆಗೆ ಉಳಿಯುತ್ತಿಲ್ಲ. ತಂಗಿ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ, ಬೈಕಿನ ಟಯರು, ತೋಟದ ಬೇಲಿಗೆ ಕಲ್ಲುಕಂಬ. ಇವುಗಳಲ್ಲಿ ಯಾವುದನ್ನೂ ದುಂದು ಅನ್ನುವ ಹಾಗಿಲ್ಲ. ಸಾಲ ಇದ್ದಾಗ ಇವೆಲ್ಲ ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು, ಈಗ ಒಂದೊಂದಾಗಿ ಬಾಗಿಲಿಗೆ ಬಂದು ನಿಂತಿವೆ.

ಬಟವಾಡೆ ದಿನ ಲೆಕ್ಕದ ಪುಸ್ತಕ ಹಿಡಿದು ಕೂರುವವನು ನಾನು. ಮುಂಗಡ ಮುರಿದುಕೊಂಡ ಮೇಲೆ ಕೈಗೆ ಬಂದದ್ದನ್ನು ಎರಡೆರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವವರ ಮುಖ ನೋಡಿದ್ದೇನೆ. ನನ್ನ ಮನೆ ಮತ್ತೆ ಆ ಸಾಲಿನಲ್ಲಿ ನಿಲ್ಲಬಾರದು. ಸಾಲ ಎಷ್ಟು ಕಟ್ಟುನಿಟ್ಟಾಗಿ ಕಟ್ಟಿದೆನೋ ಅಷ್ಟೇ ಕಟ್ಟುನಿಟ್ಟಾಗಿ ಉಳಿಸಬೇಕು ಅಂತ ನಿಜವಾಗಿಯೂ ಮನಸ್ಸಿದೆ. ಎಲ್ಲಿ ಹಾಕಲಿ, ಯಾವುದು ಮೊದಲು?

ಇನ್ನೊಂದು ವಿಷಯ. ನನ್ನ ಸಾಲ ತೀರಿದ್ದು ಗೊತ್ತಾದ ಕೂಡಲೇ ಒಬ್ಬ ಸ್ನೇಹಿತ ತನ್ನ ಲೋನಿಗೆ ಜಾಮೀನು ಹಾಕು ಅಂತ ಕೇಳುತ್ತಿದ್ದಾನೆ. ಕಷ್ಟಕ್ಕೆ ಆದವನು, ಇಲ್ಲ ಅನ್ನಲು ಬಾಯಿ ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ನಾಪೋಕ್ಲು ಕಡೆಯವರು (ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ) ಬರೆದದ್ದು:

ತಮ್ಮಾ, ಮೊದಲು ಮನಸ್ಸಾರೆ ಅಭಿನಂದನೆ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36 ಪರ್ಸೆಂಟ್ ಬಡ್ಡಿ. ಅದನ್ನು ಮೊದಲು ಕಡಿದು ಹಾಕಿದ್ದೀರಿ, ಲೆಕ್ಕ ಬಲ್ಲವರು ಮಾಡುವ ಕೆಲಸ ಅದೇ.

ಉಳಿತಾಯದ ಮಾತಿಗೆ ಮುಂಚೆ ಹಳೆಯ ಲೋನಿನ ಬಾಗಿಲು ಸರಿಯಾಗಿ ಮುಚ್ಚಿದೆಯಾ ನೋಡಿ. ಕೊನೆಯ ಕಂತು ಹೋದರೆ ಮುಗಿಯಿತು ಅಂತ ಬಹಳ ಜನ ಸುಮ್ಮನಾಗುತ್ತಾರೆ. ಬ್ಯಾಂಕಿನಿಂದ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಖಾತೆಯಿಂದ ತಾನಾಗಿ ಕಟ್ ಆಗಲು ಕೊಟ್ಟ ಒಪ್ಪಿಗೆ ರದ್ದಾಗಿದೆಯಾ ಕೇಳಿ. ಸಹಿ ಹಾಕಿ ಕೊಟ್ಟ ಚೆಕ್ ಇದ್ದರೆ ವಾಪಸ್ ಪಡೆಯಿರಿ. ಆಮೇಲೆ ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ಚರಿತ್ರೆ, ತೆಗೆಸಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಲೋನಿನ ಮುಂದೆ 'ಕ್ಲೋಸ್ಡ್' ಅಂತ ಇರಬೇಕು. 'ಸೆಟಲ್ಡ್' ಅಂತ ಇದ್ದರೆ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡ ಹಾಗೆ ಆಗುತ್ತದೆ, ಮುಂದೆ ಸಾಲ ಬೇಕಾದಾಗ ತೊಂದರೆ. ಮನೆಪತ್ರ ಇಟ್ಟು ಸಾಲ ಮಾಡಿದ ಬೇರೆಯವರೂ ಇದನ್ನು ಓದುತ್ತಿರಬಹುದು, ಅವರಿಗೂ ಒಂದು ಮಾತು: ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಈಗ ನಿಮ್ಮ 9,200. ನನ್ನ ಸರ್ವಿಸಿನಲ್ಲಿ ಕಂಡದ್ದು ಇಷ್ಟು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಅಂದವರ ಪಾಸ್‌ಬುಕ್ ಖಾಲಿಯಾಗಿಯೇ ಇರುತ್ತಿತ್ತು. ಸಂಬಳದ ಮಾರನೇ ದಿನ ಕಟ್ಟಿದವರ ಪಾಸ್‌ಬುಕ್ ತುಂಬುತ್ತಿತ್ತು, ಅವರ ಸಂಬಳ ಕಡಿಮೆ ಇದ್ದರೂ. ನಿಮಗೆ 5ನೇ ತಾರೀಕಿಗೆ ದುಡ್ಡು ಹೋಗುವುದು ರೂಢಿಯಾಗಿದೆ. ಆ ತಾರೀಕನ್ನು ಬಿಡಬೇಡಿ. ಅದೇ ದಿನ, ಅದೇ ಮೊತ್ತ, ಈ ಸಲ ನಿಮ್ಮ ಹೆಸರಿಗೆ ಕಟ್ ಆಗಲಿ.

ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) 5 ವರ್ಷದ್ದು, ಬಡ್ಡಿ 6.7 ಪರ್ಸೆಂಟ್. ಮೂರು ತಿಂಗಳಿಗೊಮ್ಮೆ ಸರ್ಕಾರ ದರ ನೋಡುತ್ತದೆ, ಆದರೆ ನೀವು ಖಾತೆ ತೆರೆದ ದಿನದ ದರ ಕೊನೆಯವರೆಗೂ ನಿಮ್ಮದೇ. ತಿಂಗಳಿಗೆ 5,000 ಕಟ್ಟಿದರೆ 5 ವರ್ಷಕ್ಕೆ ಕಟ್ಟಿದ್ದು 3 ಲಕ್ಷ, ಕೈಗೆ ಬರುವುದು ಸುಮಾರು 3 ಲಕ್ಷ 56 ಸಾವಿರ. 15ನೇ ತಾರೀಕಿನೊಳಗೆ ಖಾತೆ ತೆರೆದರೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಮತ್ತೆ ಚಾಲೂ ಮಾಡಿಸಿಕೊಳ್ಳಬೇಕು. ಮೂರು ವರ್ಷದ ಮುಂಚೆ ಮುರಿಯಲು ಬರುವುದಿಲ್ಲ. ಈ ಬಿಗಿ ನಿಮ್ಮಂಥವರಿಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತೀರಾ ಅಗತ್ಯ ಬಿದ್ದರೆ 12 ಕಂತು ಕಟ್ಟಿದ ಮೇಲೆ ಅದರ ಅರ್ಧದವರೆಗೆ ಸಾಲ ಸಿಗುತ್ತದೆ.

ಆದರೆ ಪೂರ್ತಿ 9,200ನ್ನೂ ಅಲ್ಲಿ ಹಾಕಬೇಡಿ. ನಮ್ಮ ಕೊಡಗಿನಲ್ಲಿ ಜೂನ್ ಬಂತೆಂದರೆ ಮನೆಖರ್ಚಿನ ಬಣ್ಣವೇ ಬೇರೆ. ಶಾಲೆ ಫೀಸು, ಪುಸ್ತಕ, ಕೊಡೆ, ರೈನ್‌ಕೋಟು, ಹೆಂಚು ಒಡೆದರೆ ಹೆಂಚು, ಮುದುಕರಿಗೆ ಜ್ವರ ಕೆಮ್ಮು ಅಂದರೆ ಆಸ್ಪತ್ರೆ. ನಿಮ್ಮ ಮನೆ ಹಿಂದೆ ಬರೆ ಬೇರೆ ಇದೆ. ಹೀಗಾಗಿ ತಿಂಗಳಿಗೆ ಮೂರು ಸಾವಿರದಷ್ಟು ಬೇರೆ ಒಂದು ಸೇವಿಂಗ್ಸ್ ಖಾತೆಗೆ ಹೋಗಲಿ. ಅದಕ್ಕೆ ಫೋನ್‌ಪೇ, ಗೂಗಲ್‌ಪೇ ಜೋಡಿಸಬೇಡಿ, ಎಟಿಎಂ ಕಾರ್ಡು ಹೆಂಡತಿಯ ಬೀರುವಿನಲ್ಲಿರಲಿ. ಆರು ತಿಂಗಳ ಮನೆಖರ್ಚಿನಷ್ಟು ಅಲ್ಲಿ ಕೂಡುವವರೆಗೆ ಷೇರು, ಮ್ಯೂಚುವಲ್ ಫಂಡ್ ಮಾತು ಬೇಡ. ಕೂಡಿದ ಮೇಲೆ ಧೈರ್ಯವಾಗಿ ಯೋಚಿಸಿ. ಯಾವ ಬ್ಯಾಂಕಿನಲ್ಲಿಟ್ಟರೂ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ, ಇದು ನೆನಪಿರಲಿ.

ಜಾಮೀನಿನ ಬಗ್ಗೆ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಜಾಮೀನು ಹಾಕಿದವನ ಹೊಣೆ ಸಾಲ ಮಾಡಿದವನ ಹೊಣೆಯಷ್ಟೇ ಅಂತ 1872ರ ಕರಾರು ಕಾಯಿದೆಯ 128ನೇ ಕಲಮಿನಲ್ಲಿದೆ. ಅವನು ಕಟ್ಟದಿದ್ದರೆ ಮೊದಲು ಅವನನ್ನೇ ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನಲು ಸಾಮಾನ್ಯವಾಗಿ ಬರುವುದಿಲ್ಲ. ಬ್ಯಾಂಕು ನೇರ ನಿಮ್ಮನ್ನೇ ಕೇಳಬಹುದು. ಸಾಲ ಮಾಡಿದವರು ಬೆಂಗಳೂರು ಸೇರಿ, ಜಾಮೀನುದಾರರ ಸಂಬಳ ಹಿಡಿದದ್ದನ್ನು ನನ್ನ ಮೇಜಿನ ಮುಂದೆಯೇ ಕಂಡಿದ್ದೇನೆ. ಅಂಥವರ ಹೆಂಡತಿಯರು ಬಂದು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ನೇಹಿತ ನಿಜವಾಗಿ ಕಷ್ಟದಲ್ಲಿದ್ದರೆ, ವಾಪಸ್ ಬಾರದಿದ್ದರೂ ನಿಮ್ಮ ಮನೆ ಅಲುಗಾಡದಷ್ಟು ದುಡ್ಡನ್ನು ಕೈಯಾರೆ ಕೊಡಿ. ಸಹಿ ಮಾತ್ರ ಹಾಕಬೇಡಿ.

ಕುಶಾಲನಗರದ ಅಕ್ಕ ಬರೆದದ್ದು:

ಅಣ್ಣಾ, ಮಗಳಿಗೆ ಏಳು ವರ್ಷ ಅಂದಿರಿ. ಹತ್ತು ತುಂಬುವುದರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ, ಆಮೇಲೆ ತೆರೆಯಲು ಆಗುವುದಿಲ್ಲ. ಬಡ್ಡಿ 8.2 ಪರ್ಸೆಂಟ್. ವರ್ಷಕ್ಕೆ ಕಡಿಮೆ ಅಂದರೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ, ಹೆಚ್ಚೆಂದರೆ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಮುಗಿಯುತ್ತದೆ. ಹುಡುಗಿಗೆ 18 ಆದರೆ ಅಥವಾ ಹತ್ತನೇ ಕ್ಲಾಸು ಪಾಸಾದರೆ ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು. ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರಲ್ಲೂ ಇದೆ. ದೊಡ್ಡವಳು ಆ ಪಾಸ್‌ಬುಕ್ಕನ್ನು ತನ್ನ ಶಾಲೆ ಬ್ಯಾಗಿನ ಒಳಜೇಬಲ್ಲಿ ಇಟ್ಟುಕೊಂಡು ಪೋಸ್ಟ್ ಆಫೀಸಿಗೆ ಬರುತ್ತಾಳೆ, ಕೌಂಟರಿನಲ್ಲಿ ತಾನೇ ಕೊಡಬೇಕು ಅವಳಿಗೆ. ಕೊನೆಯ ಸಾಲಿನ ಮೊತ್ತವನ್ನು ದಾರಿಯುದ್ದಕ್ಕೂ ಓದಿಕೊಂಡು ಬರುತ್ತಾಳೆ.

ನಿಮ್ಮ ಹೆಂಡತಿಯ ಹೊಲಿಗೆ ದುಡ್ಡಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅವರೂ ದುಡಿಯುತ್ತಿದ್ದಾರೆ, ಸರವನ್ನೂ ಅವರೇ ಕೊಟ್ಟಿದ್ದಾರೆ. ಅವರ ಹೆಸರಲ್ಲೇ ಒಂದು ಆರ್‌ಡಿ ಆಗಲಿ, 500 ರೂಪಾಯಿಯದ್ದಾದರೂ ಸರಿ. ಎಲ್ಲಾ ಲೆಕ್ಕವನ್ನೂ ಇಬ್ಬರೂ ಕೂತು ಮಾಡಿ.

ಚೀಟಿ ಹಾಕಿ ಅಂತ ಯಾರಾದರೂ ಬರುತ್ತಾರೆ, ನೋಡುತ್ತಾ ಇರಿ. ಹಾಕುವುದಾದರೆ 1982ರ ಚಿಟ್ ಫಂಡ್ ಕಾಯಿದೆಯಲ್ಲಿ ನೋಂದಣಿ ಆಗಿದೆಯಾ ಅಂತ ಕಾಗದ ಕೇಳಿ. ನಡೆಸುವವರು 7 ಪರ್ಸೆಂಟಿಗಿಂತ ಹೆಚ್ಚು ಕಮಿಷನ್ ಹಿಡಿಯುವ ಹಾಗಿಲ್ಲ. ಕಾಗದ ತೋರಿಸದಿದ್ದರೆ ಎಷ್ಟೇ ಪರಿಚಯದವರಾದರೂ ಬೇಡ ಅನ್ನಿ.

ಸಿದ್ದಾಪುರ ಎಸ್ಟೇಟ್ ಸ್ಟಾಫ್ ಬರೆದದ್ದು:

ರೈಟರೇ, ನಿಮಗೆ ಪಿಎಫ್ ಕಟ್ ಆಗುತ್ತಿರಬೇಕಲ್ಲ. ಸಂಬಳದ 12 ಪರ್ಸೆಂಟಿನ ಮೇಲೆ ಸ್ವಂತ ಇಷ್ಟದಿಂದ ಇನ್ನಷ್ಟು ಕಟ್ ಮಾಡಿ ಅಂತ ಆಫೀಸಿಗೆ ಬರೆದುಕೊಡಬಹುದು, ವಿಪಿಎಫ್ ಅನ್ನುತ್ತಾರೆ. 2024-25ಕ್ಕೆ ಪಿಎಫ್ ಬಡ್ಡಿ 8.25 ಪರ್ಸೆಂಟ್, ಇದಕ್ಕೂ ಅದೇ ಬಡ್ಡಿ. ದುಡ್ಡು ಕೈಗೆ ಬರುವುದೇ ಇಲ್ಲ, ಹಾಗಾಗಿ ಖರ್ಚೂ ಆಗುವುದಿಲ್ಲ. ನಾನು ಹಾಗೇ ಮಾಡಿದ್ದೇನೆ.

ಪೊನ್ನಂಪೇಟೆಯ ಬೆಳೆಗಾರ ಬರೆದದ್ದು:

ಸಂಬಳದ ಮಾತು ಆಯಿತು, ತೋಟದ ದುಡ್ಡಿನ ಮಾತು ನಾನು ಹೇಳುತ್ತೇನೆ. ಇದು ವರ್ಷಕ್ಕೊಮ್ಮೆ ಬರುವ ದುಡ್ಡು, ಇದಕ್ಕೆ 5ನೇ ತಾರೀಕಿನ ನಿಯಮ ನಡೆಯುವುದಿಲ್ಲ. ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಎಷ್ಟೋ ವರ್ಷ 50 ಕೆ.ಜಿ. ಮೂಟೆಗೆ ಮೂರೂವರೆ, ನಾಲ್ಕು ಸಾವಿರದ ಆಸುಪಾಸಿನಲ್ಲೇ ತಿರುಗುತ್ತಿತ್ತು. 2024ರಲ್ಲಿ ಹತ್ತು ಸಾವಿರ ದಾಟಿತು. ಆ ರೇಟನ್ನೇ ಕಾಯಂ ಅಂದುಕೊಂಡು ಜೀಪಿಗೆ ಸಾಲ ಮಾಡಿದವರು ನಮ್ಮ ಸುತ್ತಮುತ್ತ ಇದ್ದಾರೆ. ಕರಿಮೆಣಸು ಕೆ.ಜಿ.ಗೆ 700ರ ಹತ್ತಿರ ಇದ್ದದ್ದು ಕೆಲವೇ ವರ್ಷದಲ್ಲಿ 300ರ ಆಸುಪಾಸಿಗೆ ಇಳಿದದ್ದು ಎಲ್ಲರಿಗೂ ನೆನಪಿದೆ.

ನಾನು ಮಾಡುವುದು ಹೀಗೆ. ಕಾಫಿ ಕೊಟ್ಟ ದುಡ್ಡು ಬಂದ ದಿನವೇ ಮುಂದಿನ ಒಂದು ವರ್ಷದ ತೋಟದ ಖರ್ಚನ್ನು ಎತ್ತಿ ಬೇರೆ ಖಾತೆಗೆ ಹಾಕುತ್ತೇನೆ: ಹೂವಿಗೆ ನೀರು ಹೊಡೆಯುವ ಡೀಸೆಲ್, ಗೊಬ್ಬರ, ಕಳೆ, ಕಪಾತು (ಗಿಡ ಸವರುವುದು), ಬೋರ್ಡೋ ಔಷಧಿ ಸಿಂಪಡಣೆ, ಕೊನೆಗೆ ಕೊಯ್ಲಿನ ಕೂಲಿ. ಕೊಯ್ಲಿನ ಕೂಲಿಯೇ ದೊಡ್ಡದು, ಅದು ಮುಂದಿನ ದುಡ್ಡು ಬರುವ ಮುಂಚೆಯೇ ಬೇಕು. ಅದು ಕೈಯಲ್ಲಿಲ್ಲದವನು ವ್ಯಾಪಾರಿ ಹತ್ತಿರ ಮುಂಗಡ ತಗೊಂಡು, ಅವನು ಹೇಳಿದ ರೇಟಿಗೆ, ಅವನು ಹೇಳಿದ ದಿನ ಚೆರಿ ಕೊಡಬೇಕಾಗುತ್ತದೆ. ಕಣದಲ್ಲಿ ಒಣಗಿದ ಚೆರಿಯನ್ನು ಮೂಟೆ ಕಟ್ಟಿ, ನನಗೆ ಬೇಕಾದಾಗ ಮಾರುತ್ತೇನೆ ಅನ್ನುವ ಧೈರ್ಯ ಬರುವುದು ಈ ಖಾತೆಯಿಂದ. ಇದು ಉಳಿತಾಯ ಅಂತ ಯಾರಿಗೂ ಅನ್ನಿಸುವುದಿಲ್ಲ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ಇದೇ. ಮಿಕ್ಕದ್ದನ್ನು ಒಂದೇ ಎಫ್‌ಡಿ ಮಾಡದೆ ಮೂರು ತುಂಡು ಮಾಡುತ್ತೇನೆ, ಅವಸರಕ್ಕೆ ಒಂದನ್ನು ಮುರಿದರೆ ಇನ್ನೆರಡು ಉಳಿಯುತ್ತವೆ.

ಸಹಕಾರ ಸಂಘದ ಬೆಳೆ ಸಾಲವನ್ನು ಮಾತ್ರ ಸಾಲ ಅಂತ ಹೆದರಿ ದೂರ ಇಡಬೇಡಿ. ಗಡುವಿನೊಳಗೆ ಕಟ್ಟಿದರೆ ನಮ್ಮ ರಾಜ್ಯದಲ್ಲಿ ಅದಕ್ಕೆ ಬಡ್ಡಿ ಇಲ್ಲ, ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಆ ದುಡ್ಡು ಗೊಬ್ಬರಕ್ಕೇ ಹೋಗಬೇಕು, ಮನೆಗೆ ಬರಬಾರದು. ಆರ್‌ಟಿಸಿ (ಪಹಣಿ) ಇನ್ನೂ ಜಂಟಿ ಹೆಸರಲ್ಲಿದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ, ಅದಿಲ್ಲದೆ ಸಂಘದಲ್ಲಿ ಕೆಲಸ ಮುಂದೆ ಹೋಗುವುದು ಕಷ್ಟ.

ಸುಂಟಿಕೊಪ್ಪದ ರೈಟರ್ ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. ಕುಶಾಲನಗರದ ಅಕ್ಕನ ಮಾತು ಬಂದಾಗ ಅವಳು ಮಿಷನ್ ನಿಲ್ಲಿಸಿ ಮತ್ತೊಮ್ಮೆ ಓದಿಸಿದಳು. ಇಬ್ಬರೂ ಸೇರಿ ಹೀಗೆ ಗೊತ್ತು ಮಾಡಿದ್ದೇವೆ: ಆರ್‌ಡಿಗೆ 5,000, ಮಗಳ ಸುಕನ್ಯಾಗೆ 1,000, ಮಳೆಗಾಲದ ಖಾತೆಗೆ 3,200. ಮೂರೂ 5ನೇ ತಾರೀಕಿಗೆ. ಹೊಲಿಗೆ ದುಡ್ಡಿನಲ್ಲಿ ಅವಳ ಹೆಸರಿನ ಆರ್‌ಡಿ ಬೇರೆ, ಮೊತ್ತ ಎಷ್ಟು ಅನ್ನುವುದು ಅವಳಿಗೆ ಬಿಟ್ಟದ್ದು. ವಿಪಿಎಫ್ ಮುಂದಿನ ಇನ್‌ಕ್ರಿಮೆಂಟ್ ಬಂದ ಮೇಲೆ, ಆ ಹೆಚ್ಚುವರಿ ಪೂರ್ತಿ ಅದಕ್ಕೇ.

ಸ್ನೇಹಿತನಿಗೆ ಜಾಮೀನು ಆಗುವುದಿಲ್ಲ ಅಂತ ಇವತ್ತು ಎದುರಿಗೇ ಹೇಳಿದೆ. ಬೇಸರ ಮಾಡಿಕೊಂಡ. ಅವನ ಮಗನ ಶಾಲೆ ಫೀಸಿಗೆ ನನ್ನಿಂದಾದಷ್ಟು ಕೊಡುತ್ತೇನೆ ಅಂದಿದ್ದೇನೆ, ಯೋಚಿಸಿ ಹೇಳುತ್ತೇನೆ ಅಂದ.

ಪೊನ್ನಂಪೇಟೆಯವರೇ, ಆರ್‌ಟಿಸಿ ಇನ್ನೂ ಅಪ್ಪ ಮತ್ತು ಚಿಕ್ಕಪ್ಪನ ಜಂಟಿ ಹೆಸರಲ್ಲೇ ಇದೆ. ಚಿಕ್ಕಪ್ಪ ಒಪ್ಪುತ್ತಾರೆ, ಜಗಳ ಏನಿಲ್ಲ. ಮೊದಲು ಸರ್ವೇ ಮಾಡಿಸಬೇಕಾ, ವಿಭಾಗ ಪತ್ರ ಮಾಡಿಸಬೇಕಾ? ನೀವು ಮಾಡಿಸಿದ್ದರೆ ಯಾವ ಕಾಗದ ಬೇಕಾಯಿತು ಅಂತ ಸ್ವಲ್ಪ ಬರೆಯಿರಿ, ಮಳೆ ಹಿಡಿಯುವ ಮುಂಚೆ ಅರ್ಜಿ ಕೊಟ್ಟುಬಿಡುತ್ತೇನೆ.